ಬರಿಗಾಲಿನ ಅಹ್ಮದ್ ಖಾನ್

ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡಿದವರಿಗೆ ಬರಿಗಾಲಿನ ಬಲ ಗೊತ್ತು. ಹೆಬ್ಬೆರಳೂರಿ ನಿಂತರೇನೇ ಹಿಡಿತದಿಂದ ಕೊಸರಿಕೊಳ್ಳುವುದು ಸಾಧ್ಯ. ವೈ.ಎನ್.ಹೊಸಕೋಟೆಯ ಹುಡುಗರಿಗೆ ಬೆಂಗಳೂರಿನ ಅಹ್ಮದ್ ಖಾನ್ ಅವರ ಫುಟ್‌ಬಾಲನ್ನು ವಿವರಿಸುವಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

1926ರಲ್ಲಿ ಹುಟ್ಟಿದ ಖಾನ್ ಇನ್‌ಸೈಡ್ ಲೆಫ್ಟ್ ಆಟಗಾರ. ನಡು ಮೈದಾನದಲ್ಲಿ ಚೆಂಡು ಪಡೆದು, ಎದುರಿಗೆ ಬಂದವರನ್ನು ದಾಟಿ, ಮುಂದಿನವರಿಗೆ ದಾರಿ ಮಾಡಿಕೊಡುವುದು ಆ ಜಾಗದ ಕೆಲಸ. ಚೆಂಡನ್ನು ಆಡಿಸುವ ಪರಿ ಕಂಡು ಜನ ಅವರನ್ನು ಹಾವಾಡಿಗ ಎಂದು ಕರೆದರು. ಆಗಿನ ತೊಗಲಿನ ಚೆಂಡು ಮಳೆಯಲ್ಲಿ ನೆನೆದರೆ ಭಾರವಾಗುತ್ತಿತ್ತು; ಅದನ್ನು ಬರಿಗಾಲಲ್ಲಿ ಒದೆಯುವುದಕ್ಕೆ ಗಟ್ಟಿ ಪಾದ ಬೇಕು. ಆದರೆ ಚೆಂಡನ್ನು ತಡೆದು, ಸವರಿ, ತಟಕ್ಕನೆ ದಿಕ್ಕು ಬದಲಿಸುವಾಗ ಬೆರಳುಗಳಿಗೆ ಸಿಗುವ ಸುಳಿವು ಬೂಟಿನೊಳಗಿನ ಕಾಲಿಗೆ ಸಿಗದು. ಬರಿಗಾಲಾಟವನ್ನು ಬರೀ ಬಡತನದ ಕಥೆಯಾಗಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದೊಂದು ಪಳಗಿದ ವಿದ್ಯೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು, ಖಾನ್ ಇದ್ದ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಕೊನೆಗಳಿಗೆಯಲ್ಲಿ 1–2ರ ಸೋಲು. ಆ ಪೆನಾಲ್ಟಿಗಳಲ್ಲಿ ಒಂದಾದರೂ ಒಳಗೆ ಹೋಗಿದ್ದರೆ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ.

ಮರುವರ್ಷ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಖಾನ್: ದಕ್ಷಿಣದ ಈ ಐವರ ಮುನ್ಪಡೆಯನ್ನು ಬಂಗಾಳಿಗಳು ಪಂಚಪಾಂಡವರೆಂದರು. 1949, 50, 51ರಲ್ಲಿ ಕ್ಲಬ್ಬಿಗೆ ಸತತ ಮೂರು ಐಎಫ್‌ಎ ಶೀಲ್ಡ್ ಟ್ರೋಫಿ ಬಂದವು. ತನ್ನ ಆಟಗಾರರನ್ನೇ ಮೆಚ್ಚಿ ಬೆಳೆದ ಊರು ಹೊರಗಿನ ಐವರಿಗೆ ಇಂಥ ಹೆಸರು ಕೊಟ್ಟದ್ದು ಸಣ್ಣ ಮಾತಲ್ಲ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಖಾನ್ ತಂಡದಲ್ಲಿದ್ದರು.

1952, ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಖಾನ್ ಅವರದು, ಆಟ ಮುಗಿಯಲು ನಿಮಿಷವಷ್ಟೇ ಉಳಿದಿದ್ದಾಗ. ಆ ಪಂದ್ಯದ ಲೆಕ್ಕ ಹೇಳುವವರು ಹತ್ತನ್ನು ನೆನೆಯುತ್ತಾರೆ. ಒಂಬತ್ತೋ ಹತ್ತೋ ತಿಂದ ಮೇಲೂ ಗೋಲುಪೆಟ್ಟಿಗೆಯ ಕಡೆಗೇ ಓಡುತ್ತಿದ್ದವನನ್ನು ನಾನು ನೆನೆಯುತ್ತೇನೆ.

ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಅದು ಸರಿಯಾದ ತೀರ್ಮಾನವೇ. ಒದ್ದೆ ಹುಲ್ಲಿನಲ್ಲಿ ಬರಿಗಾಲು ಜಾರುತ್ತದೆ. ಬೂಟಿನ ಕಾಲ ಬಂದರೂ ಖಾನ್ ಅವರ ಆಟ ನಿಲ್ಲಲಿಲ್ಲ. 1959ರವರೆಗೂ ಅವರು ಈಸ್ಟ್ ಬೆಂಗಾಲ್‌ಗೇ ಆಡಿದರು.