ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು?

ಆಟಿಯ ಮಳೆಯಲ್ಲಿ ಕೊಲ್ಲಮೊಗ್ರು ಕಡೆಯ ಮನೆಯೊಂದರ ಮಾಡಿನಿಂದ ದಟ್ಟ ಹೊಗೆ ಏಳುತ್ತಿದೆ ಎನ್ನಿ. ದೂರದ ಗುಡ್ಡದಿಂದ ನೋಡಿ ‘ಒಲೆಯಲ್ಲಿ ರಾಶಿ ಕಟ್ಟಿಗೆ ಉರಿಯುತ್ತಿದೆ’ ಎಂದರೆ ಊರಿನವರು ನಕ್ಕಾರು. ಕಟ್ಟಿಗೆ ಹಸಿಯಾಗಿದ್ದರೆ ಅಷ್ಟು ಹೊಗೆಗೆ ಎರಡು ಕೊಳ್ಳಿ ಸಾಕು. ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ ದೂರದ ‘ಸ್ಟಾರ್‌ಬರ್ಸ್ಟ್’ ಗೆಲಕ್ಸಿಗಳ ಅನಿಲರಾಶಿಯನ್ನು ರೇಡಿಯೋ ದೂರದರ್ಶಕ ‘ಅಳೆದಿದೆ’ ಎಂದು ನಾವು ಬರೆಯುವಾಗ, ಪಾಠ ಹೇಳುವಾಗ ಇಂಥದೇ ತಪ್ಪು ನುಸುಳುತ್ತದೆ.

ನಕ್ಷತ್ರಗಳ ಕಚ್ಚಾವಸ್ತು ಹೈಡ್ರೊಜನ್ ಅಣು. ಅದಕ್ಕೆ ವಿದ್ಯುತ್ ದ್ವಿಧ್ರುವತೆ ಇಲ್ಲ. ಕೆಲವೇ ಹತ್ತು ಕೆಲ್ವಿನ್ ತಾಪದ ಮೋಡಗಳಲ್ಲಿ ಅದು ಹೆಚ್ಚುಕಡಿಮೆ ಮೌನವಾಗಿರುತ್ತದೆ. ಆದ್ದರಿಂದ ಜೊತೆಗಿರುವ ಕಾರ್ಬನ್ ಮಾನಾಕ್ಸೈಡಿನ ರೋಹಿತ ರೇಖೆಗಳನ್ನು ಹಿಡಿಯುತ್ತಾರೆ. ಮೊದಲ ರೇಖೆ 115.27 ಗಿಗಾಹರ್ಟ್ಸ್‌ನಲ್ಲಿದೆ. ರೇಖೆಯ ತೀವ್ರತೆ ಮತ್ತು ಆವೃತ್ತಿ ದೊರೆತಲ್ಲಿಗೆ ಅಳತೆ ಮುಗಿಯಿತು, ಮುಂದಿನದು ಗುಣಾಕಾರ.

ಯಾವ ಸಂಖ್ಯೆಯಿಂದ ಗುಣಿಸಬೇಕು? ನಮ್ಮ ಆಕಾಶಗಂಗೆಯ ಮೋಡಗಳಿಗೆ, ರೂಢಿಯ ಏಕಮಾನದಲ್ಲಿ, ಸುಮಾರು 4.3. ಹತ್ತಿರದ ಸ್ಟಾರ್‌ಬರ್ಸ್ಟ್‌ಗಳಿಗೆ ಸುಮಾರು 0.8 ಎಂದು ಡೌನ್ಸ್ ಮತ್ತು ಸಾಲಮನ್ 1998ರಲ್ಲಿ ತೋರಿಸಿದರು. ಅಲ್ಲಿನ ಅನಿಲ ಬಿಸಿ, ಪ್ರಕ್ಷುಬ್ಧ. ಹಸಿ ಕಟ್ಟಿಗೆಯ ಹೊಗೆಯಂತೆ ಕಡಿಮೆ ರಾಶಿಯೇ ಹೆಚ್ಚು ಬೆಳಗುತ್ತದೆ.

ವ್ಯತ್ಯಾಸ ಸಣ್ಣದಲ್ಲ. 0.8 ಬಳಸಿ 4,000 ಕೋಟಿ ಸೂರ್ಯರಾಶಿ ಎಂದು ಬಂದ ಅನಿಲ, 4.3 ಬಳಸಿದರೆ 21,500 ಕೋಟಿಯಾಗುತ್ತದೆ. ವರ್ಷಕ್ಕೆ 1,000 ಸೂರ್ಯರಾಶಿ ಖರ್ಚಾದರೆ ಅದು ಬಾಳುವುದು 4 ಕೋಟಿ ವರ್ಷವೋ 21.5 ಕೋಟಿ ವರ್ಷವೋ? ‘ಸ್ಟಾರ್‌ಬರ್ಸ್ಟ್’ ಎಂಬ ಹಣೆಪಟ್ಟಿ ನೋಡಿ 0.8 ಆರಿಸಿ, ಬಳಿಕ ‘ಈ ಗೆಲಕ್ಸಿ ಅನಿಲವನ್ನು ಬೇಗ ಮುಗಿಸುತ್ತದೆ’ ಎಂದು ಸಾರಿದರೆ, ತೀರ್ಮಾನದ ಒಂದು ಪಾಲು ಆಯ್ಕೆಯಲ್ಲೇ ಅಡಗಿತ್ತು ಎಂದಾಯಿತು.

ಇತಿಹಾಸವೂ ಎಚ್ಚರಿಸುತ್ತದೆ. 1991ರಲ್ಲಿ ಅಮೆರಿಕದ ಕಿಟ್ ಪೀಕ್‌ನ 12 ಮೀಟರ್ ದೂರದರ್ಶಕ ಎಫ್ 10214+4724 ಎಂಬ ಅತಿ ದೂರದ ಗೆಲಕ್ಸಿಯಲ್ಲಿ ಈ ಅಣುವಿನ ರೇಖೆಯನ್ನು ಹಿಡಿಯಿತು. ಆಗ ಲೆಕ್ಕಕ್ಕೆ ಬಂದ ಅನಿಲರಾಶಿ ಅಗಾಧ. ನಡುವಿನ ಗೆಲಕ್ಸಿಯೊಂದು ಗುರುತ್ವ ಮಸೂರವಾಗಿ ಬೆಳಕನ್ನು ಹಿಗ್ಗಿಸಿದೆಯೆಂದು ಕೆಲವೇ ವರ್ಷಗಳಲ್ಲಿ ತಿಳಿಯಿತು, ರಾಶಿ ಕುಗ್ಗಿತು.

ಇದೇ ಅಣುವಿನಿಂದ ನೇರ ಅಳತೆಯೂ ಸಾಧ್ಯ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ 10.4 ಮೀಟರ್ ದೂರದರ್ಶಕದಿಂದ ನಮ್ಮದೇ ಗೆಲಕ್ಸಿಯ ಗಮ್ ನೀಹಾರಿಕೆಯಲ್ಲಿನ ಮೋಡಗಳ ವೇಗವನ್ನು ಕಂಡುಕೊಂಡ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ವೇಗ ತಿಳಿಯಲು ರೇಖೆಯ ಆವೃತ್ತಿಯ ಪಲ್ಲಟ ಸಾಕು, 4.3, 0.8ಗಳ ಹಂಗಿಲ್ಲ.

ಸಂಶೋಧನ ಪ್ರಬಂಧಗಳು ಬಳಸಿದ ಗುಣಕವನ್ನು ಸಾಮಾನ್ಯವಾಗಿ ಹೇಳಿರುತ್ತವೆ. ಜನಪ್ರಿಯ ಬರಹಕ್ಕೆ ಬರುವಾಗ ಅದು ಉದುರಿಹೋಗುತ್ತದೆ. ಅಧ್ಯಾಪಕರು ಇಂಥ ಸುದ್ದಿಯನ್ನು ತರಗತಿಗೆ ಒಯ್ದಾಗ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಲಿ: ಉಪಕರಣ ಅಳೆದದ್ದೇನು? ಯಾವುದರಿಂದ ಗುಣಿಸಿದರು? ನಡುವೆ ಮಸೂರವಿದೆಯೇ? ಉತ್ತರ ಸಿಗದಿದ್ದರೆ ‘ಅಳೆದರು’ ಎನ್ನದೆ ‘ಅಂದಾಜಿಸಿದರು’ ಎನ್ನೋಣ. ವಿಜ್ಞಾನಕ್ಕೆ ಅದರಿಂದ ಕುಂದಿಲ್ಲ.