ಅಂಜೂರ ತೋರಿಸುವವನು

“ಸರ್, ಸಿಕೊಫ್ಯಾಂಟ್ ಅಂದ್ರ ಹೊಗಳುಭಟ್ಟ ಅಂತ ಬಾಯಿಪಾಠ ಮಾಡೀನ್ರಿ. ಆದ್ರ ಅದರ ಬಾಜೂಕ ‘ಗ್ರೀಕ್ ಮೂಲ: ಅಂಜೂರ ತೋರಿಸುವವನು’ ಅಂತ ಬರದಾರ. ಇದಕ್ಕೂ ಅದಕ್ಕೂ ಏನ್ರಿ ಸಂಬಂಧ?”

ಕೇಳಿದವನು ಹಾವೇರಿ ಕಡೆಯ ಹುಡುಗ. ಅತ್ತಿಗುಪ್ಪೆಯ ರೀಡಿಂಗ್ ರೂಮೊಂದರಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೂತು ಓದುತ್ತಾನೆ. ಸಂಜೆ ಚಹಾಕ್ಕೆ ಕೆಳಗಿಳಿದಾಗ ಸಿಗುತ್ತಾನೆ. ಅತ್ತಿಗುಪ್ಪೆ, ವಿಜಯನಗರ, ಚಂದ್ರಾ ಲೇಔಟ್ ಈ ಮೂರರ ನಡುವೆ ಇಂಥವರು ಬಹಳ ಜನ. ಕೋಚಿಂಗ್ ಸೆಂಟರು, ಪಿ.ಜಿ., ಮೆಸ್ಸು, ಝೆರಾಕ್ಸ್ ಅಂಗಡಿ ಎಲ್ಲವೂ ಇವರನ್ನು ನಂಬಿಕೊಂಡಿವೆ. ಅವನ ಕೈಯಲ್ಲಿದ್ದದ್ದು ಸ್ಪೈರಲ್ ಬೈಂಡ್ ಮಾಡಿಸಿದ ನೋಟ್ಸು: ಹಲವು ಪದಗಳ ವಿವರಣೆಗೆ ಒಂದೇ ಇಂಗ್ಲಿಷ್ ಪದ, ಅದರ ಪಕ್ಕದಲ್ಲಿ ಗ್ರೀಕ್ ಬೇರು. ಬ್ಯಾಂಕು, ಎಸ್‌ಎಸ್‌ಸಿ ಪರೀಕ್ಷೆಗೆ ಕೂರುವವರೆಲ್ಲ ಇಂಥದ್ದೊಂದನ್ನು ಅರೆದು ಕುಡಿದಿರುತ್ತಾರೆ. ಬೇರು ಗೊತ್ತಾದರೆ ಅರ್ಥ ತಾನಾಗಿ ಗೊತ್ತಾಗುತ್ತದೆ ಎನ್ನುವುದು ಈ ಪಟ್ಟಿಗಳು ಕೊಡುವ ಭರವಸೆ. ಆ ಭರವಸೆ ಎಷ್ಟರ ಮಟ್ಟಿಗೆ ನಿಜ ಎಂದು ಯಾರಾದರೂ ಕೂತು ನೋಡಬೇಕಾಗಿತ್ತು. ಹುಡುಗನ ಪ್ರಶ್ನೆ ನನ್ನನ್ನು ಕೂರಿಸಿತು.

‘ಸೂಕಾನ್’ ಎಂದರೆ ಗ್ರೀಕಿನಲ್ಲಿ ಅಂಜೂರ. ನಮ್ಮ ಅತ್ತಿಯ ಒಡಹುಟ್ಟು, ಒಂದೇ ಕುಲದ ಮರ. ಅತ್ತಿಗುಪ್ಪೆಯಲ್ಲೇ ನಿಂತು ಈ ಪದ ಬಿಡಿಸುವ ಯೋಗ ಬಂತಲ್ಲ ಎಂದು ನನಗೆ ಖುಷಿಯೇ ಆಯಿತು. ಪ್ರಾಚೀನ ಅಥೆನ್ಸಿನಲ್ಲಿ ‘ಸುಕೊಫಾಂಟೆಸ್’ ಎಂದರೆ ಹೊಗಳುವವನಲ್ಲ, ಚಾಡಿಕೋರ. ಲಾಭದ ಆಸೆಗೆ ಊರಿನವರ ಮೇಲೆ ದೂರು ಹಾಕಿ ನ್ಯಾಯಾಲಯಕ್ಕೆ ಎಳೆಯುತ್ತಿದ್ದವನು. ಅಥೆನ್ಸಿನಿಂದ ಅಂಜೂರ ಹೊರಗೆ ಸಾಗಿಸುವುದಕ್ಕೆ ನಿಷೇಧವಿತ್ತು, ಕದ್ದು ಸಾಗಿಸುವವರನ್ನು ತೋರಿಸಿಕೊಡುತ್ತಿದ್ದವನಿಗೆ ಈ ಹೆಸರು ಬಂತು ಎಂಬ ಕತೆಯನ್ನು ಪ್ಲುಟಾರ್ಕ್ ಹೇಳುತ್ತಾನೆ. ಅದನ್ನು ವಿದ್ವಾಂಸರು ಪೂರ್ತಿ ಒಪ್ಪಿಲ್ಲ. ಹುಡುಗನ ನೋಟ್ಸಿನಲ್ಲಿ ಅನುಮಾನದ ಸುಳಿವೂ ಇಲ್ಲ, ಚಾಡಿಕೋರನ ಪ್ರಸ್ತಾಪವೂ ಇಲ್ಲ. ಅಂಜೂರದಿಂದ ನೇರ ಹೊಗಳುಭಟ್ಟನಿಗೆ ಜಿಗಿದಿದೆ. ದೊಡ್ಡವರ ಕಿವಿಗೆ ಚಾಡಿ ಹಾಕುವವನೇ ಅವರ ಮುಂದೆ ಹಲ್ಲು ಕಿರಿಯುವವನೂ ಆಗಿರುತ್ತಾನೆ ಎಂಬ ಲೋಕಾನುಭವ ಹಾದಿಯಲ್ಲಿ ಕೂಡಿಕೊಂಡದ್ದರಿಂದಲೇ ಪದದ ಅರ್ಥ ಅಲ್ಲಿಂದ ಇಲ್ಲಿಗೆ ಬಂತು. ಬೆಂಗಳೂರಿನಲ್ಲಿ ಇವತ್ತು ಅಂಥವನನ್ನು ‘ಬಕೆಟ್ ಹಿಡಿಯೋನು’ ಎನ್ನುತ್ತೇವೆ. ಇನ್ನೂರು ವರ್ಷ ಕಳೆದ ಮೇಲೆ ಯಾರೋ ‘ಬಕೆಟ್’ ಎಂಬುದರ ಬೇರು ಹುಡುಕಿ, ಇವನು ನೀರು ಹೊರುತ್ತಿದ್ದವನು ಎಂದು ಬರೆದಿಟ್ಟರೆ ಹೇಗಿರುತ್ತದೋ ಪಟ್ಟಿಯ ವ್ಯುತ್ಪತ್ತಿಯೂ ಹಾಗೇ ಇದೆ.

ಇದನ್ನು ವಿವರಿಸುವ ಸಾಧನ ನಮ್ಮ ಶಾಸ್ತ್ರದಲ್ಲೇ ಇದೆ, ಹುಡುಗ ಅದನ್ನು ಶಾಲೆಯಲ್ಲಿ ಓದಿಯೂ ಇರಬಹುದು. ಪಂಕಜ ಎಂದರೆ ಕೆಸರಿನಲ್ಲಿ ಹುಟ್ಟಿದ್ದು. ಕಪ್ಪೆಯೂ ಕೆಸರಿನಲ್ಲಿ ಹುಟ್ಟುತ್ತದೆ, ಅದನ್ನು ಯಾರೂ ಪಂಕಜ ಎನ್ನುವುದಿಲ್ಲ. ಭಾಗಗಳನ್ನು ಕೂಡಿಸಿದರೆ ಬರುವುದು ಯೋಗಾರ್ಥ, ಜನ ಬಳಸಿ ಬಳಸಿ ನಿಲ್ಲಿಸಿದ್ದು ರೂಢ್ಯರ್ಥ. ಎರಡೂ ಸೇರಿದ್ದು ಯೋಗರೂಢ. ಬೇರಿನ ಪಟ್ಟಿಗಳು ಯೋಗಾರ್ಥವನ್ನೇ ಪೂರ್ತಿ ಅರ್ಥ ಎಂದು ಮಕ್ಕಳ ಕೈಗೆ ಕೊಡುತ್ತಿವೆ. ನನ್ನ ಮುಖ್ಯ ತಕರಾರು ಇದೇ.

ಎರಡನೆಯ ತಕರಾರು ಬರೀ ಅಜಾಗರೂಕತೆಯದು, ಆದರೆ ಅದರಿಂದ ಆಗುವ ಹಾನಿ ಕಡಿಮೆಯದಲ್ಲ. ನೋಟ್ಸಿನ ಒಂದು ಪುಟದಲ್ಲಿ ‘ಪೆಡ್ ಎಂದರೆ ಕಾಲು’ ಎಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಪೆಡೆಸ್ಟ್ರಿಯನ್, ಪೆಡಗಾಗ್, ಪೀಡಿಯಾಟ್ರಿಶಿಯನ್, ಆರ್ಥೋಪೆಡಿಕ್ ಎಲ್ಲವೂ ಒಂದೇ ಸಾಲಿನಲ್ಲಿ. ಪೆಡೆಸ್ಟ್ರಿಯನ್‌ನಲ್ಲಿರುವುದು ಲ್ಯಾಟಿನ್ನಿನ ಕಾಲು. ಉಳಿದ ಮೂರರಲ್ಲೂ ಇರುವುದು ಗ್ರೀಕಿನ ಮಗು, ‘ಪೈಸ್’. ಪೆಡಗಾಗ್ ಎಂದರೆ ಮೊದಲು ಮೇಷ್ಟ್ರಲ್ಲ, ಯಜಮಾನನ ಮಗುವನ್ನು ಮೇಷ್ಟ್ರ ಬಳಿಗೆ ಕರೆದುಕೊಂಡು ಹೋಗುತ್ತಿದ್ದ ಆಳು. ಇವತ್ತಿನ ಸ್ಕೂಲ್ ವ್ಯಾನಿನ ಅಂಕಲ್ ಮಾಡುವ ಕೆಲಸ. ಆರ್ಥೋಪೆಡಿಕ್‌ನ ಕತೆ ಇನ್ನೂ ಚೆನ್ನ. 1741ರಲ್ಲಿ ಪ್ಯಾರಿಸ್ಸಿನ ವೈದ್ಯ ನಿಕೊಲಾ ಆಂಡ್ರಿ ಮಕ್ಕಳ ಮೈಯ ಸೊಟ್ಟವನ್ನು ತಿದ್ದುವ ಬಗೆಯ ಮೇಲೆ ಪುಸ್ತಕ ಬರೆದ. ‘ಆರ್ಥೊಸ್’, ನೆಟ್ಟಗೆ. ‘ಪೈದಿಯೊನ್’, ಮಗು. ಎರಡನ್ನೂ ಬೆಸೆದು ಪದ ಕಟ್ಟಿದ. ಸೊಟ್ಟ ಬೆಳೆದ ಎಳೆಮರವನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಲ್ಲಿ ಬಿಗಿದ ಚಿತ್ರ ಆ ಪುಸ್ತಕದಲ್ಲಿತ್ತು. ಮೂಳೆ ವೈದ್ಯರ ಸಂಘಗಳು ಇವತ್ತಿಗೂ ಅದನ್ನು ಲಾಂಛನವಾಗಿ ಬಳಸುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನೇ ಆಂಡ್ರಿ ಚಿತ್ರವಾಗಿ ಬರೆಸಿದ್ದ. ನಮ್ಮ ಬೀದಿಯ ಆರ್ಥೋಪೆಡಿಕ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಂಡಿನೋವಿನ ಹಿರಿಯರೇ ಕೂತಿರುತ್ತಾರೆ. ಬೋರ್ಡಿನೊಳಗೆ ಮಾತ್ರ ಆ ಮಗು ಹಾಗೇ ಇದೆ. ಇಂಥ ಪದವನ್ನು ‘ಕಾಲು’ ಎಂದು ಮುಗಿಸಿಬಿಡುವುದು ಓದುವ ಮಕ್ಕಳಿಗೆ ಮಾಡುವ ಅನ್ಯಾಯ.

ಪಟ್ಟಿಗಳು ಸೇರಿಸಿಕೊಳ್ಳದ ಪದಗಳನ್ನೂ ನೋಡಬೇಕು. ಹದಿಮೂರರ ಭಯಕ್ಕೆ ಟ್ರಿಸ್ಕೈಡೆಕಫೋಬಿಯಾ ಎನ್ನುವುದನ್ನು ಹುಡುಗ ಉರು ಹೊಡೆದಿದ್ದಾನೆ. ಆದರೆ ಆ ಪಟ್ಟಿ ಹೊರಬಿದ್ದ ಝೆರಾಕ್ಸ್ ಯಂತ್ರದ ಹೆಸರೇ ಗ್ರೀಕು ಎಂದು ಯಾರೂ ಅವನಿಗೆ ಹೇಳಿಲ್ಲ. ‘ಕ್ಸೆರೊಸ್’ ಎಂದರೆ ಒಣಗಿದ್ದು. ದ್ರವವಿಲ್ಲದೆ, ಒಣ ಪುಡಿಯಿಂದ ಅಚ್ಚು ಮೂಡಿಸುವ ವಿಧಾನಕ್ಕೆ ಆ ಹೆಸರು ಬಂತು. ತಲೆಯ ಮೇಲೆ ಹಾದುಹೋಗುವ ನೇರಳೆ ಮಾರ್ಗದ ಮೆಟ್ರೊ ರೈಲನ್ನು ತಗೊಳ್ಳಿ. ಅದು ಅತ್ತಿಗುಪ್ಪೆಗೆ ಬಂದದ್ದು 2015ರ ನವೆಂಬರಿನಲ್ಲಿ. ಗ್ರೀಕರಿಗೆ ‘ಮೆಟ್ರೊಪೊಲಿಸ್’ ಎಂದರೆ ತಾಯೂರು, ದೂರದೂರಿಗೆ ಹೋಗಿ ನೆಲೆಸಿದವರ ಮೂಲ ಊರು. ಲಂಡನ್ನಿನಲ್ಲಿ 1863ರಲ್ಲಿ ಓಡಿದ ಮೆಟ್ರೊಪಾಲಿಟನ್ ರೈಲ್ವೆ, ಪ್ಯಾರಿಸ್ಸಿನಲ್ಲಿ 1900ರಲ್ಲಿ ಶುರುವಾದ ಮೆಟ್ರೊ, ಇವೆಲ್ಲ ದಾಟಿ ಪದ ಇಲ್ಲಿಗೆ ಬರುವ ಹೊತ್ತಿಗೆ ಊರು ಕಳಚಿ ತಾಯಿಯಷ್ಟೇ ಉಳಿದಿದ್ದಾಳೆ. ‘ನಮ್ಮ ಮೆಟ್ರೊ’ ಎಂಬುದನ್ನು ಬೇರಿಗೆ ಇಳಿಸಿದರೆ ಸಿಗುವುದು ‘ನಮ್ಮ ತಾಯಿ’. ನಿಲ್ದಾಣದ ಕೆಳಗೆ ನಿಂತ ಆಟೋದ ಮೀಟರು ಬೇರೆ ಬಳ್ಳಿಯದು: ‘ಮೆಟ್ರಾನ್’, ಅಳತೆ. ಮಾತೃ ಆ ಕಡೆ, ಮಾನ-ಮಾತ್ರೆಗಳು ಈ ಕಡೆ.

ಹೌದು, ಮಾತೃ. ಗ್ರೀಕು ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವು. ಸಂಸ್ಕೃತದಿಂದ ರಾಶಿಗಟ್ಟಲೆ ಪದ ತಂದುಕೊಂಡಿರುವ ಕನ್ನಡದ ಹುಡುಗನ ಜೇಬಿನಲ್ಲಿ ಈ ಪಟ್ಟಿಯ ಅರ್ಧ ಬೀಗಕ್ಕೆ ಕೀಲಿಕೈ ಆಗಲೇ ಇದೆ. ಅನಾನಿಮಸ್ ಎಂದರೆ ‘ಅನ್’ ಮತ್ತು ‘ಒನುಮ’, ಅಂದರೆ ಅನಾಮ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬ ನಿಯಮ ಎರಡೂ ಕಡೆ ಒಂದೇ. ಆಗ್ನಾಸ್ಟಿಕ್‌ನ ಒಳಗಿರುವುದು ಜ್ಞಾನದ ಧಾತು. ಟ್ರಿಸ್ಕೈಡೆಕದಲ್ಲಿ ತ್ರಯೋದಶವೇ ಕೂತಿದೆ. ಡಿಸ್ಪೆಪ್ಸಿಯಾ ಅಂತೂ ಮನೆಯ ಪದ: ‘ಡಿಸ್’ ನಮ್ಮ ದುಸ್, ‘ಪೆಪ್ಸಿಸ್’ ನಮ್ಮ ಪಚನ. ಅಡುಗೆಯ ಪಾಕ, ಹಣ್ಣಿನ ಪಕ್ವ, ಹೊಟ್ಟೆಯ ಪಚನ ಮೂರಕ್ಕೂ ಇರುವ ಒಂದೇ ಧಾತು ಗ್ರೀಕಿನಲ್ಲೂ ಬೇಯಿಸುವುದಕ್ಕೂ ಅರಗಿಸುವುದಕ್ಕೂ ಒಟ್ಟಿಗೆ ದುಡಿಯುತ್ತದೆ. 1898ರಲ್ಲಿ ಪೆಪ್ಸಿಗೆ ಆ ಹೆಸರು ಬಂದದ್ದೂ ಈ ಜೀರ್ಣದ ಮಾತಿನಿಂದಲೇ. ಪದಗಳು ಆ ಕಡೆಯಿಂದಷ್ಟೇ ಬಂದಿಲ್ಲ ಎಂಬುದೂ ಮಕ್ಕಳಿಗೆ ಗೊತ್ತಾಗಬೇಕು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಹಿಪ್ಪಲಿಯ ಹೆಸರೇ ಹಡಗು ಹತ್ತಿ ಗ್ರೀಕಿನ ‘ಪೆಪೆರಿ’ಯಾಗಿ, ಅಲ್ಲಿಂದ ಇಂಗ್ಲಿಷಿನ ಪೆಪ್ಪರ್ ಆಗಿದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ನಾನು ಗೌರವಿಸುತ್ತೇನೆ. ಗ್ರೀಕನ್ನು ಸಂಸ್ಕೃತದಿಂದ ವಿವರಿಸಿದರೆ ಒಂದು ಕಗ್ಗಂಟನ್ನು ಇನ್ನೊಂದಕ್ಕೆ ಕಟ್ಟಿದಂತಾಗುವುದಿಲ್ಲವೇ? ಹೊಸ ಪದಗಳನ್ನು ಕನ್ನಡದ ಬೇರಿನಿಂದಲೇ ಕಟ್ಟಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ, ಬರೀ ವಾದಿಸದೆ ಕಟ್ಟಿಯೂ ತೋರಿಸಿದ್ದಾರೆ. ಅವರು ಕಟ್ಟಿದ್ದೆಲ್ಲ ನನ್ನ ನಾಲಿಗೆಗೆ ಹೊಂದುವುದಿಲ್ಲ. ಆದರೂ ಕಲಿಸುವ ಹೊತ್ತಿನಲ್ಲಿ ಅವರ ಮಾತು ನಿಜ. ದುಷ್ಪಚನ ಎಂದಾಗ ಹುಡುಗ ತಲೆಯಾಡಿಸಿದ. ‘ಉಂಡದ್ದು ಅರಗದೇ ಇರೋದು’ ಎಂದಾಗ ನಕ್ಕ. ನಂಟು ತೋರಿಸಲು ಸಂಸ್ಕೃತ ಸಾಕು, ಅರ್ಥ ಒಳಗಿಳಿಯಬೇಕಾದರೆ ತಿಳಿಗನ್ನಡವೇ ಬೇಕು. ಬಿಡಿಸುವ ವಿದ್ಯೆಯನ್ನೂ ಮನೆಯಿಂದಲೇ ಶುರು ಮಾಡಬಹುದು. ಅತ್ತಿ, ಕುಪ್ಪೆ. ಸೇರುವಾಗ ಕಕಾರಕ್ಕೆ ಗಕಾರ, ಆದೇಶ ಸಂಧಿ. ಕುಪ್ಪೆ, ಗುಪ್ಪೆ ಎಂದರೆ ರಾಶಿ, ದಿಬ್ಬ. ತಾನು ದಿನಾ ಇಳಿಯುವ ನಿಲ್ದಾಣದ ಹೆಸರನ್ನು ಹೀಗೆ ಒಡೆದು ನೋಡಿದವನಿಗೆ ಗ್ರೀಕಿನ ಸಮಾಸ ಕಬ್ಬಿಣದ ಕಡಲೆಯಾಗುವುದಿಲ್ಲ.

ಪದಗಳ ಹುಟ್ಟು ಹೇಳುವ ಕೆಲಸ ಕನ್ನಡದಲ್ಲಿ ಚೆನ್ನಾಗಿ ನಡೆದಿದೆ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಇದೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದು ಓದುಗರ ಪ್ರಶ್ನೆಗಳಿಗೆ ವರ್ಷಾನುಗಟ್ಟಲೆ ಉತ್ತರಿಸಿದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದವರು ಅವರು. ಆ ನಿಘಂಟಿನಲ್ಲಿ ಅರ್ಥದ ಬೆನ್ನಿಗೆ ಪ್ರಯೋಗ ಇರುತ್ತದೆ: ಯಾವ ಶಾಸನ, ಯಾವ ಕಾವ್ಯ, ಪದ ಎಲ್ಲಿ ಬದುಕಿತ್ತು ಎಂಬುದರ ಗುರುತು. ನೋಟ್ಸಿನಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಯಾವ ಪದವೂ ಯಾರ ಬಾಯಲ್ಲೂ ಇಲ್ಲ.

ಕೊನೆಯ ಪುಟದಲ್ಲಿ ಒಂದು ಪದವಿದೆ. ಇಂಗ್ಲಿಷಿನ ಅತಿ ಉದ್ದದ ಪದ ಎಂಬ ತಲೆಬರಹದಡಿ ನಲವತ್ತೈದು ಅಕ್ಷರಗಳು: ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವೋಲ್ಕೆನೊಕೋನಿಯೋಸಿಸ್. ಹುಡುಗ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಷ್ಟೂ ಅಕ್ಷರ ಹೇಳಿದ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದದ ದಾಖಲೆಗಾಗಿಯೇ ಹೊಸೆದ ಪದ ಇದು. ಶ್ವಾಸಕೋಶದ ‘ನ್ಯೂಮೊನ್’, ಧೂಳಿನ ‘ಕೋನಿಸ್’ ಗ್ರೀಕು. ಅಲ್ಟ್ರಾ, ಸಿಲಿಕೊ, ವೋಲ್ಕೆನೊ ಲ್ಯಾಟಿನ್. ವ್ಯಾಕರಣಕಾರ ಕೇಶಿರಾಜ ನೋಡಿದ್ದರೆ ಎರಡು ಭಾಷೆ ಬೆರೆಸಿದ ಅರಿಸಮಾಸ ಎಂದು ಪಕ್ಕಕ್ಕಿಡುತ್ತಿದ್ದ. ಅದು ಹೋಗಲಿ, ನನ್ನನ್ನು ಕಲಕಿದ್ದು ಬೇರೆ. ಆಟಕ್ಕೆ ಕಟ್ಟಿದ ಈ ಪದ ಹೆಸರಿಸುವ ರೋಗ ಆಟದ್ದಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾದ ನುಣುಪು ಧೂಳು ಶ್ವಾಸಕೋಶಕ್ಕಿಳಿದು ಗಾಯದ ಗಂಟುಗಳಾಗುತ್ತದೆ, ಉಸಿರು ವರ್ಷ ವರ್ಷ ಕುಗ್ಗುತ್ತದೆ, ಗುಣಪಡಿಸುವ ಔಷಧಿ ಇಲ್ಲ. ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ಭಾರತದಲ್ಲಿ ಅದರ ಮೊದಮೊದಲ ದಾಖಲೆಗಳು ನಮ್ಮ ಕೋಲಾರದ ಚಿನ್ನದ ಗಣಿ ಕಾರ್ಮಿಕರದೇ.

“ಕೆಜಿಎಫ್ ಗೊತ್ತೇನಪ್ಪಾ?” ಎಂದೆ.

“ಸಿನಿಮಾ ನೋಡೀನ್ರಿ ಸರ್.”

ಇಲ್ಲಿಂದ ನೂರು ಕಿಲೋಮೀಟರ್ ಆಚೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ. 2001ರಲ್ಲಿ ಮುಚ್ಚಿತು. ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದು, ಉಳಿದ ಹುಡಿಯನ್ನು ಊರ ಪಕ್ಕದಲ್ಲೇ ಗುಡ್ಡಗಟ್ಟಲೆ ಸುರಿದರು. ಸೈನೈಡ್‌ನಲ್ಲೂ ಒಂದು ಗ್ರೀಕ್ ಪದವಿದೆ, ‘ಕುಯನೊಸ್’, ಕಡುನೀಲಿ. ಅದು ಹುಡುಗನ ಪಟ್ಟಿಯಲ್ಲಿತ್ತು. ‘ಕೋನಿಸ್’ ಕೂಡ ಇತ್ತು, ಪಕ್ಕದಲ್ಲಿ ‘ಧೂಳು’ ಎಂದು. ಇಷ್ಟನ್ನು ಹೇಳುವಷ್ಟರಲ್ಲಿ ಚಹಾ ಆರಿತ್ತು. ಅವನು ಪುಟವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ.

“ಆ ಗುಪ್ಪೆ ಇನ್ನೂ ಅದಾವೇನ್ರಿ ಸರ್?”

“ಇವೆ. ಬೇಸಿಗೆ ಗಾಳಿ ಬೀಸಿದರೆ ಅವುಗಳ ಧೂಳು ಇವತ್ತಿಗೂ ಮನೆಗಳ ಮೇಲೆ ಹೋಗುತ್ತದೆ” ಎಂದೆ.