ಕೂಳಿಯ ಕೊರಳು

ಮೀನು ಹಿಡಿಯುವ ಕೂಳಿಯನ್ನು ಬಾಯಿಯ ಕಡೆಯಿಂದ ನೋಡಬೇಕು. ಹೊರಗಿನಿಂದ ಅದೊಂದು ಉದ್ದನೆಯ ಬಿದಿರ ಬುಟ್ಟಿ. ಬಾಯಿ ಕಹಳೆಯಂತೆ ಅರಳಿದೆ, ಬಾಲ ಕಿರಿದಾಗಿ ಹಗ್ಗದ ಬಿಗಿತದಲ್ಲಿ ಮುಗಿದಿದೆ. ಹೆಣೆದವನ ಬುದ್ಧಿಯೆಲ್ಲ ಇರುವುದು ಒಳಗೆ. ಅಲ್ಲಿ ಇನ್ನೊಂದು ಪುಟ್ಟ ಕೊರಳಿದೆ. ತೆಳ್ಳಗೆ ಸೀಳಿದ ಕಡ್ಡಿಗಳು ಸುತ್ತಲಿಂದ ಒಳಮುಖವಾಗಿ ಬಾಗಿ, ತುದಿಗೆ ತುದಿ ಮುಟ್ಟುವಷ್ಟು ಹತ್ತಿರ ಬಂದು ನಿಂತಿವೆ. ಕೈ ತೂರಿಸಿ ನೋಡಿ: ಕಡ್ಡಿಗಳು ಬಳುಕಿ ದಾರಿ ಬಿಡುತ್ತವೆ. ಹಿಂದಕ್ಕೆ ಎಳೆಯಿರಿ: ಅದೇ ಕಡ್ಡಿಗಳು ಮಣಿಕಟ್ಟಿಗೆ ಚುಚ್ಚುತ್ತವೆ. ಸ್ಪ್ರಿಂಗಿಲ್ಲ, ಮೊಳೆಯಿಲ್ಲ, ಮುಚ್ಚುವ ಬಾಗಿಲಿಲ್ಲ. ಬಿದಿರಿನ ಬಳುಕು, ನೀರಿನ ಸೆಳೆತ, ಮೀನಿನ ಹಟ, ಈ ಮೂರರಲ್ಲೇ ಕೆಲಸ ಮುಗಿಯುತ್ತದೆ. ಐರ್ಲೆಂಡಿನ ಜೌಗು ಮಣ್ಣಿನಡಿ ಏಳು ಸಾವಿರ ವರ್ಷಗಳಷ್ಟು ಹಳೆಯ, ಹೆಣೆದ ಮೀನುಬುಟ್ಟಿಗಳು ಸಿಕ್ಕಿವೆ. ಇಷ್ಟು ಕಾಲ ಉಳಿದು ಬಂದ ಉಪಾಯ ಇದು.

ಇದರ ಕಾಲ ಮಳೆಗಾಲದ ಮೊದಲ ವಾರಗಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಉಡುಪಿಯ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಲ್ಲುತ್ತವೆ. ಅದೇ ಹೊತ್ತಿಗೆ ಘಟ್ಟದ ಕಡೆಯಿಂದ ಸ್ವರ್ಣಾ ನದಿ ಕೆಂಪಾಗಿ ಇಳಿಯುತ್ತಾಳೆ, ಕಾರ್ಕಳದಿಂದ ಕಾಪುವಿನವರೆಗೆ ತೋಡುಗಳೆಲ್ಲ ಉಕ್ಕಿ ಗದ್ದೆಗೆ ನುಗ್ಗುತ್ತವೆ. ತುಳುವರು ಬಾಯಿ ತುಂಬ ಹೇಳುವ ಉಬರ್ ಮೀನಿನ, ಅಂದರೆ ಉಕ್ಕಿದ ನೀರಿನಲ್ಲಿ ಏರಿ ಬರುವ ಮೀನಿನ, ಬೇಟೆ ಆಗಲೇ. ನಮ್ಮಲ್ಲಿ ಗದ್ದೆಗಳು ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಉಡುಪಿ–ಮಣಿಪಾಲದ ನಡುವಿನ ಕುಂಜಿಬೆಟ್ಟಿನಲ್ಲಿ ಇಂದು ಕಟ್ಟಡಗಳೇ ಕಂಡರೂ ಹೆಸರಿನಲ್ಲಿ ಆ ಮೆಟ್ಟಿಲು ಉಳಿದಿದೆ. ಮೇಲಿನ ಗದ್ದೆಯ ನೀರು ಹುಣಿಯ (ಬದುವಿನ) ಕಂಡಿಯಿಂದ ಕೆಳಕ್ಕೆ ಧುಮುಕುವಾಗ, ಮುಗುಡು ಮೀನು ಆ ನೀರಿಗೆ ಎದುರಾಗಿ ಹತ್ತುತ್ತದೆ, ಮೊಟ್ಟೆಯಿಡಲು.

ಕೂಳಿ ಇಡುವುದು ಆ ಕಂಡಿಯಲ್ಲಿ. ಹತ್ತುವ ಮೀನಿಗಾದರೆ ಬಾಯಿ ತೋಡಿನ ಕಡೆಗೆ, ಇಳಿಯುವ ಮೀನಿಗಾದರೆ ಗದ್ದೆಯ ಕಡೆಗೆ. ಎರಡು ಬದಿಗೆ ಮಣ್ಣು, ಸೊಪ್ಪು, ಕಲ್ಲು ಒತ್ತಿ ಬೇರೆ ದಾರಿಯೇ ಇಲ್ಲದಂತೆ ಮಾಡಬೇಕು. ಬಲ್ಲವರ ಇನ್ನೊಂದು ಜಾಗ್ರತೆ ನನಗೆ ಬಹಳ ಇಷ್ಟ: ಬುಟ್ಟಿಯ ಮೇಲ್ಭಾಗ ನೀರಿನಿಂದ ಸ್ವಲ್ಪ ಹೊರಗಿರಬೇಕು. ಮುಗುಡು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವ ಮೀನು, ಪೂರ್ತಿ ಮುಳುಗಿಸಿದರೆ ಬೆಳಗಾಗುವಷ್ಟರಲ್ಲಿ ಉಸಿರುಗಟ್ಟಿ ಸಾಯಬಹುದು. ಮುಂಜಾನೆ ಕೂಳಿಯನ್ನೆತ್ತಿ, ಬಾಲದ ಹಗ್ಗ ಬಿಚ್ಚಿ ಸುರಿದಾಗ ಮೀನು ಜೀವಂತ ಮಿಸುಕಾಡುತ್ತಿರಬೇಕು. ಅದರ ಕಿವಿರಿನ ಹಿಂದಿನ ಮುಳ್ಳಿನ ಏಟು ತಿಂದವರು ಕೈ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಕಾಡುಪ್ರಾಣಿಗೆ ಒಡ್ಡುವ ಉರುಳಿನಲ್ಲಿ ಈ ಜಾಗ್ರತೆಯ ಒಂದಂಶವೂ ಇಲ್ಲ. ಬೇಲಿಯ ಸಂದಿಯಲ್ಲಿ ಕಟ್ಟುವ ಒಂದು ತುಂಡು ತಂತಿ, ಹಂದಿಗೆಂದು ಇಟ್ಟದ್ದು. ಹಂದಿಯೇ ಬೀಳಬೇಕೆಂದಿಲ್ಲ, ಕಾರ್ಕಳದ ಕಾಡಂಚಿನಲ್ಲಿ ಚಿರತೆ ಬಂದರೂ ಅದಕ್ಕೆ ಒಂದೇ. ಎಳೆದಷ್ಟೂ ಸೊಂಟಕ್ಕೋ ಕತ್ತಿಗೋ ಬಿಗಿಯುತ್ತದೆ. 1972ರ ವನ್ಯಜೀವಿ ಕಾನೂನು ಅದನ್ನು ಅಪರಾಧವೆಂದಿದೆ. ಕಾನೂನು ಇಲ್ಲದಿದ್ದರೂ ನಾನು ಅದನ್ನು ಮೆಚ್ಚಲಾರೆ. ಅದನ್ನು ಕಟ್ಟಿದವನಿಗೆ ಯಾವ ಪ್ರಾಣಿಯ ನಡೆ ನುಡಿಯೂ ಗೊತ್ತಿರಬೇಕಿಲ್ಲ. ಕೂಳಿ ಹೆಣೆದವನಿಗಾದರೋ ಮುಗುಡು ಎಷ್ಟು ದಪ್ಪ, ಯಾವ ಮಳೆಗೆ ಹೊರಡುತ್ತದೆ, ಹೇಗೆ ಉಸಿರಾಡುತ್ತದೆ ಎಲ್ಲ ಗೊತ್ತು.

ಬಿದಿರು ಹಸಿಯಿರುವಾಗಲೇ ಸೀಳಬೇಕು. ಹೊರಮೈಯ ಹಸಿರು ಸಿಪ್ಪೆ ಗಟ್ಟಿ, ಒಳತಿರುಳು ಬೇಗ ಕೊಳೆಯುತ್ತದೆ, ಅದನ್ನು ಹೆರೆದು ತೆಗೆಯುತ್ತಾರೆ. ಕಡ್ಡಿಗಳೆಲ್ಲ ಒಂದೇ ದಪ್ಪಕ್ಕೆ ಬರುವುದು ಕತ್ತಿಯ ಹಿಡಿತದಿಂದ ಮಾತ್ರ. ಕುಡುಪು, ತಡ್ಪೆ ಎಂಬ ಬುಟ್ಟಿ–ಮೊರಗಳನ್ನು ಹೆಣೆಯುವ ಕೊರಗ ಸಮುದಾಯದವರ ಕೈಗಳಲ್ಲಿ ಈ ಹಿಡಿತ ಇಂದಿಗೂ ಕಾಣಸಿಗುತ್ತದೆ. ಸಂತೆಯಲ್ಲಿ ಅವರ ಹೆಣಿಗೆಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈಗ ಸರಳಿನ ಚೌಕಟ್ಟಿಗೆ ನೈಲಾನ್ ಬಲೆ ಹೊದಿಸಿದ ಕೂಳಿಗಳೂ ಬಂದಿವೆ. ಹಗುರ, ಅಗ್ಗ. ಕಣ್ಣು ಸಣ್ಣದಾದ್ದರಿಂದ ಬೆರಳುದ್ದದ ಮರಿಯೂ ಒಳಗುಳಿಯುತ್ತದೆ. ಬಿದಿರ ಕೂಳಿಯಲ್ಲಿ ಕಡ್ಡಿಗೂ ಕಡ್ಡಿಗೂ ನಡುವೆ ಬೆರಳಗಲದ ಸಂದಿ ಬಿಟ್ಟಿದ್ದರೆ ಮರಿಗಳು ಜಾರಿಹೋಗುತ್ತವೆ. ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ. ಆದ್ದರಿಂದ ನನ್ನ ಒಲವು ಬಾಯಿ ಗದ್ದೆಯ ಕಡೆಗಿರುವ, ಮೊಟ್ಟೆಯಿಟ್ಟು ಇಳಿಯುವ ಮೀನಿಗೆ ಕಾದ ಕೂಳಿಗೆ. ಅದಕ್ಕೆ ಕೆಲವು ವಾರ ತಡೆಯಬೇಕು, ಅಷ್ಟೇ.